ದೋಣಿಗೆ ಏಳು ವಂಗು

ಮೇ 5, ಸೋಮವಾರ

ಅಕ್ಷರ ಕೋಳಿ ಕೆದರಿದ ಹಾಗಿದೆ. ಒತ್ತಕ್ಷರ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದೂ ಮರೆತುಹೋಗಿದೆ. ಈ ನೋಟ್‌ಬುಕ್ ಓದುವವಳು ನಾನೊಬ್ಬಳೇ, ಆದ್ದರಿಂದ ನನ್ನ ಹತ್ತಿರವೇ ಕ್ಷಮೆ ಕೇಳಿಕೊಳ್ಳುತ್ತೇನೆ. ತಾಳವಾಡಿಯ ಅಜ್ಜಿ ಮನೆಯಲ್ಲಿದ್ದಾಗ ಐದನೆಯ ತರಗತಿಯವರೆಗೆ ಕನ್ನಡ ಶಾಲೆಗೆ ಹೋಗಿದ್ದೆ. ಆಮೇಲೆ ಅಪ್ಪ ಸಿರುಮುಗೈಗೆ ಕರೆತಂದು ಮಗ್ಗದ ಪಕ್ಕ ಕೂರಿಸಿದರು. ಇಲ್ಲಿ ನಮ್ಮವರ ಮನೆಗಳಲ್ಲೆಲ್ಲ ಕನ್ನಡ ಆಡುತ್ತಾರೆ, ಓದುವವರಿಲ್ಲ. ಅದೂ ಒಳ್ಳೆಯದೇ. ಅಡುಗೆಮನೆಯಲ್ಲಿ ತೆರೆದಿಟ್ಟರೂ ಇದು ಬರಹವೋ ರಂಗೋಲಿ ಕೋಲದ ಚುಕ್ಕಿಯೋ ಅತ್ತೆಗೆ ಗೊತ್ತಾಗುವುದಿಲ್ಲ.

ಬರೆಯಲು ಕೂತದ್ದು ದೋಣಿಯ ದೆಸೆಯಿಂದ. ನಮ್ಮ ಊರು ಭವಾನಿ ಹಿನ್ನೀರಿನ ಆಚೆ ದಡದಲ್ಲಿದೆ. ಅಣೆಕಟ್ಟೆ ತುಂಬಿತೆಂದರೆ ತಗ್ಗಿನ ರಸ್ತೆ ಮುಳುಗಿಹೋಗಿ, ಸಿರುಮುಗೈಗೆ ಹೋಗಬೇಕಾದರೆ ದೋಣಿಯೇ ಗತಿ. ಮೊದಲು ಮಾವನವರು ನಡೆಸುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಅತ್ತೆ ಪೊನ್ನಮ್ಮ. ಅತ್ತೆಯ ಬಲಭುಜ ಹಿಡಿದುಕೊಂಡ ಮೇಲೆ ಅವರ ಮಗ, ಅಂದರೆ ನನ್ನ ಗಂಡ ತಿರುಮೂರ್ತಿ. ಕಳೆದ ವರ್ಷ ಪಂಚಾಯತ್ ಯೂನಿಯನ್ ಆಫೀಸಿನ ಇಂಜಿನಿಯರ್ ಬಂದು ದೋಣಿಯೊಳಗಿನ ಮರಕ್ಕೆ ಪೆನ್ನು ಚುಚ್ಚಿದರು. ಅರ್ಧ ಪೆನ್ನು ಒಳಗೆ ಹೋಯಿತು. ಇದರಲ್ಲಿ ಶಾಲೆ ಮಕ್ಕಳನ್ನು ಕೂರಿಸಬೇಡಿ ಎಂದು ಹೇಳಿ, ಪೆನ್ನು ಒರೆಸಿಕೊಂಡು ಹೋದರು. ಅಂದಿನಿಂದ ದೋಣಿ ದಡದಲ್ಲಿ, ಗಂಡ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ. ನಾನು ಸಿರುಮುಗೈಯ ಮಗ್ಗದ ಮನೆಗಳಿಗೆ ಹಾಸು ನೂಲು ಕೆಚ್ಚಿ ಜೋಡಿಸಲು ಹೋಗುತ್ತೇನೆ.

ನಿನ್ನೆ ಭಾನುವಾರ ಅವರು ಬಂದಿದ್ದರು. "ಜುಲೈ ಮಧ್ಯಕ್ಕೆ ಆಡಿ ತಿಂಗಳು ಹುಟ್ಟೋದ್ರೊಳಗೆ ದೋಣಿ ನೀರಿಗಿಳಿದ್ರೆ ನಾನು ವಾಪಸ್ ಬರ್ತೀನಿ. ಇಲ್ಲಾಂದ್ರೆ ಅಲ್ಲೊಂದು ರೂಮು ನೋಡಿದೀನಿ. ನೀನೂ ಅಮ್ಮನೂ ಬಂದ್ಬಿಡಿ. ನಿನಗೇನು ತೋರುತ್ತೆ, ಗೋಮತಿ?" ಎಂದು ಕೇಳಿದರು.

"ನಿಮ್ಮಿಷ್ಟ" ಎಂದೆ.

ನನಗೆ ಬೇಕಾದದ್ದು ಅದಲ್ಲ. ಬಾಯಲ್ಲಿ ಬಾರದ್ದನ್ನು ಇಲ್ಲಿ ಬರೆಯುತ್ತೇನೆ. ನನಗೆ ಇಲ್ಲೇ ಇರಬೇಕು.

ಮೇ 9

ಸುಬ್ಬಯ್ಯನ್ ಮಾಮ ಗಣಪತಿ ಎಂಬ ಪೇಟೆಯಿಂದ ಬಂದರು. ಮಾಮ ಅಮ್ಮನ ಅಣ್ಣ. ನಮ್ಮ ಕುಲದಲ್ಲಿ ಮಗ್ಗ ಬಿಟ್ಟು ಮರ ಹಿಡಿದವರು ಅವರೊಬ್ಬರೇ. ಮೂವತ್ತೈದು ವರ್ಷ ಪಂಪಿನ ವರ್ಕ್‌ಶಾಪುಗಳಿಗೆ ಪ್ಯಾಟರ್ನ್ ಮಾಡಿದವರು. ಪಂಪ್ ಎರಕ ಹೊಯ್ಯುವ ಮೊದಲು ಅದೇ ಆಕಾರದ ಮರದ ಅಚ್ಚನ್ನು ಮರಳಿನಲ್ಲಿ ಒತ್ತುತ್ತಾರಂತೆ, ಆ ಅಚ್ಚು ಇವರ ಕೈಕೆಲಸ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು. ದೋಣಿಯನ್ನು ಮಾತ್ರ ಮುಟ್ಟಿದವರಲ್ಲ.

ಬಂದವರು ಕಾಫಿ ಕೂಡ ಕುಡಿಯದೆ ದೋಣಿಯೊಳಗಿಳಿದು ಸಣ್ಣ ಸುತ್ತಿಗೆಯಿಂದ ಒಂದೊಂದೇ ವಂಗು ತಟ್ಟಿದರು. ವಂಗು ಎಂದರೆ ದೋಣಿಯ ಪಕ್ಕೆಲುಬು. ತಳದಿಂದ ಎರಡೂ ಪಕ್ಕಕ್ಕೆ ಬಾಗಿ ಮೇಲೇರುವ ಮರ. ಹಲಗೆಗಳನ್ನೆಲ್ಲ ಹಿಡಿದು ನಿಲ್ಲಿಸುವುದು ಅದೇ. ಒಟ್ಟು ಹನ್ನೊಂದು. ಏಳು ಡಬ್ ಡಬ್ ಎಂದವು.

"ಹಲಗೆ ಕೇರಳದ ಆಂಜಿಲಿ ಮರ, ಇನ್ನೊಂದು ತಲೆಮಾರು ಬರುತ್ತೆ" ಎಂದರು ಮಾಮ. "ಈ ಏಳನ್ನ ಬದಲಾಯಿಸಿದ್ರೆ ಸಾಕು."

"ಬದಲಾಯಿಸೋಕೆ ಬರುತ್ತಾ ನಿಮಗೆ?" ಎಂದು ಅತ್ತೆ ದಡದ ಮೇಲಿಂದಲೇ ಕೇಳಿದರು. "ಇದು ಪಂಪ್ ಅಲ್ಲಂಗೋ. ನೀರನ್ನ ಹೊರಗೆ ಇಡಬೇಕು, ಒಳಗೆ ಎಳೀಬಾರದು."

ಮಾಮ ನಕ್ಕುಬಿಟ್ಟರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ.

ಮೇ 14

ವಂಗಿಗೆ ನೇರ ಮರ ಕತ್ತರಿಸಿ ಬಾಗಿಸಿದರೆ ನಿಲ್ಲುವುದಿಲ್ಲ. ಹುಟ್ಟಿನಿಂದಲೇ ಬಾಗಿ ಬೆಳೆದ ಕರಿಜಾಲಿಯ ಕೊಂಬೆಯೇ ಆಗಬೇಕು ಎಂದು ಅತ್ತೆ ಹೇಳಿದರು. ಮಾಮ ದಪ್ಪ ತಂತಿಯೊಂದನ್ನು ದೋಣಿಯ ಬಾಗಿಗೆ ಸರಿಯಾಗಿ ಒತ್ತಿ ಬಗ್ಗಿಸಿಕೊಂಡರು. ಹಾಗೆ ಏಳು ತಂತಿ, ಒಂದೊಂದಕ್ಕೂ ಒಂದು ನಂಬರ್. ಅವನ್ನು ಹಿಡಿದುಕೊಂಡು ಮಾಮನೂ ನಾನೂ ಹೊಲದ ಬದುಗಳಲ್ಲಿ ಸುತ್ತಿದೆವು. ಕಂಡ ಕಂಡ ಜಾಲಿ ಮರಕ್ಕೆ ತಂತಿ ಹಿಡಿದು ನೋಡುವುದು, ಮುಂದೆ ಹೋಗುವುದು. ಟೊಮೇಟೊ ಬಿಡಿಸುತ್ತಿದ್ದ ಹೆಂಗಸರು ನೋಡಿ, ಮರಕ್ಕೆ ಬಳೆ ಅಳತೆ ತೆಗೀತಿದಾರೆ, ಯಾವ ಮರಕ್ಕೋ ಕಲ್ಯಾಣ ಎಂದು ನಕ್ಕರು. ಮುಖ ಎಲ್ಲಿ ಇಟ್ಟುಕೊಳ್ಳಲಿ ಎನ್ನಿಸಿ ಮಾಮನ ಹಿಂದೆ ಹಿಂದೆ ನಡೆದೆ.

ಆದರೆ ಸಂಜೆಗೆ ನನಗೂ ಕಣ್ಣು ಬಂತು. ಇದು ಮೂರು, ಅದು ಐದು ಎಂದು ದೂರದಿಂದಲೇ ತಿಳಿಯುತ್ತಿತ್ತು. ಬಸ್ಸಿನಲ್ಲಿ ಎದುರಿಗೆ ಕೂತ ಮುದುಕನ ಬಾಗಿದ ಬೆನ್ನು ಕೂಡ ಎರಡನೇ ನಂಬರಿನಂತೆ ಕಂಡಿತು. ಪಾಪ, ತಪ್ಪು.

ಮೇ 16

ಶಿವಗಾಮಿ ಅಕ್ಕನ ಬದುವಿನಲ್ಲಿ ಬೇಕಾದದ್ದೆಲ್ಲ ಒಂದೇ ಕಡೆ ಸಿಕ್ಕಿತು. ಅಗಲಕ್ಕೆ ಹರಡಿದ ಎರಡು ಹಳೆಯ ಜಾಲಿ ಮರಗಳು. ಅಕ್ಕ ಎಮ್ಮೆ ಕರೆಯುತ್ತಿದ್ದವರು ಏಳಲೂ ಇಲ್ಲ.

"ನೆರಳು ಹೋಗುತ್ತೆ. ನನ್ನ ಎಮ್ಮೆ ಎಲ್ಲಿ ನಿಲ್ಲಬೇಕು? ನಿನ್ನ ಗಂಡ ನೆರಳು ಹಿಡ್ಕೊಂಡು ನಿಲ್ತಾನಾ?"

ಮಾಮ ಕೆಮ್ಮಿದರು, ಅಷ್ಟೆ.

"ಏನು ಮಾತಾಡದೆ ನಿಂತಿದೀಯಾ, ಅಮ್ಮಿಣಿ. ಮರ ನಿನಗೆ ಬೇಕೋ, ನಿನ್ನ ಮಾಮನಿಗೆ ಬೇಕೋ?"

"ನನಗೆ" ಎಂದೆ. ಧ್ವನಿ ನನಗೇ ಕೇಳಿಸಲಿಲ್ಲ.

ಅಕ್ಕ ಪಾತ್ರೆ ಪಕ್ಕಕ್ಕಿಟ್ಟರು. "ಒಂದು ಮರ ಬಿಟ್ಟು ಒಂದು ಕಡಿ. ಇನ್ನೊಂದರಲ್ಲಿ ಕೊಂಬೆ ಮಾತ್ರ. ದೋಣಿ ಇಳಿದ ಮೇಲೆ ನನ್ನ ಹುಲ್ಲಿನ ಹೊರೆ ಮೊದಲು ಹೋಗಬೇಕು. ಸ್ಕೂಲ್ ಮಕ್ಕಳಿಗಿಂತ ಮೊದಲು. ಆಮಾ ಅನ್ನು."

ಆಮಾ, ಆಗಲಿ ಎಂದೆ. ಅವರೇ ಮರಕ್ಕೆ ಅರಿಶಿನ ಕುಂಕುಮ ಇಟ್ಟು ಕರ್ಪೂರ ಹಚ್ಚಿದರು.

ಮೇ 20

ತೊಗಟೆ ಸುಲಿದು ಏಳೂ ಕೊಂಬೆಗಳನ್ನು ನೀರಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿದ್ದೇವೆ. ಎರಡು ವಾರ ಹಾಗೇ ಇರಬೇಕು. ಮಾಮ ಮನೆಗೆ ಹೋದರು. ನನಗೆ ಮಗ್ಗದ ಕೆಲಸ ಬಿಡುವಿಲ್ಲದಂತೆ ಇದೆ. ಬರೆಯಲು ಏನೂ ಇಲ್ಲ. ಮಧ್ಯಾಹ್ನ ನುಗ್ಗೆ ಸಾಂಬಾರು ಚೆನ್ನಾಗಿತ್ತು.

ಜೂನ್ 3

ಅತ್ತೆ ತಂಗಿಯ ಸೊಸೆಯ ಸೀಮಂತಕ್ಕೆ ಸತ್ಯಮಂಗಲಕ್ಕೆ ಹೋದರು. ಮಾಮ ಕೆಲಸ ಶುರು ಮಾಡಿದರು. ಮೂರು, ನಾಲ್ಕು, ಐದು, ಆರು, ಹೀಗೆ ಒತ್ತಾಗಿದ್ದ ನಾಲ್ಕು ವಂಗುಗಳನ್ನು ಸಂಜೆಯೊಳಗೆ ಬಿಚ್ಚಿ, ಸೀಮೆಸುಣ್ಣದಲ್ಲಿ ನಂಬರ್ ಬರೆದು, ಬೇವಿನ ಮರದಡಿ ಸಾಲಾಗಿ ಮಲಗಿಸಿದರು.

"ಎಲ್ಲಾ ಬಿಚ್ಚಿ ಬೆಂಚಿನ ಮೇಲೆ ಇಟ್ಕೊಂಡ್ರೆ ತಾನೇ ಅಳತೆ ಸರಿಯಾಗಿ ಬರೋದು" ಎಂದರು. ಅವರ ವರ್ಕ್‌ಶಾಪಿನ ಪದ್ಧತಿ ಅದು. ಯಾವ ಪ್ಯಾಟರ್ನ್ ಆದರೂ ತುಂಡು ತುಂಡಾಗಿ ಬಿಚ್ಚಿ, ಅಳೆದು, ಮತ್ತೆ ಸೇರಿಸುವುದು.

ಆರನೆಯದನ್ನು ಮೀಟುವಾಗ ದೋಣಿ ಒಮ್ಮೆ ಕಿರ್ ಎಂದಿತು. ಮಾಮನಿಗೆ ಕಿವಿ ಸ್ವಲ್ಪ ಮಂದ. ನನಗೆ ಕೇಳಿಸಿತು. ಹೇಳಲೇ ಎಂದುಕೊಂಡೆ. ಅಷ್ಟು ವರ್ಷ ಕೆಲಸ ಮಾಡಿದವರಿಗೆ ನಾನೇನು ಹೇಳುವುದು ಎಂದು ಸುಮ್ಮನಾದೆ.

ಐದನೇ ನಂಬರಿನದು ಪೂರ್ತಿ ಪುಡಿಯಾಗಿತ್ತು. ಸ್ನಾನದ ಒಲೆಗೆ ಹಾಕು ಎಂದರು ಮಾಮ. ಹಾಕಿದೆ. ಚೆನ್ನಾಗಿ ಉರಿಯಿತು.

ಜೂನ್ 4

ಬೆಳಿಗ್ಗೆ ನೋಡಿದರೆ ದೋಣಿ ಬಾಯಿ ಬಿಟ್ಟಿದೆ. ನಡುವಿನಲ್ಲಿ ಎರಡು ಹಲಗೆಗಳ ಸಂದಿ ನನ್ನ ಹೆಬ್ಬೆರಳು ತೂರುವಷ್ಟು ಬಿರಿದಿದೆ. ಮಾಮ ದಾರ ಹಿಡಿದು ಅಳೆದರು. ಮೇಲಿನ ಅಂಚು ಮೊದಲಿಗಿಂತ ನಾಲ್ಕು ಬೆರಳು ಅಗಲವಾಗಿದೆ. ಹಿಡಿದುಕೊಳ್ಳಲು ಏನೂ ಇಲ್ಲದೆ ಎರಡೂ ಪಕ್ಕ ತಮ್ಮ ಭಾರಕ್ಕೆ ತಾವೇ ಹೊರಕ್ಕೆ ಬಿದ್ದಿವೆ.

ಮಾಮ ದೋಣಿಯ ಅಂಚಿನ ಮೇಲೆ ಕೂತರು. ಊಟಕ್ಕೆ ಕರೆದರೂ ಬರಲಿಲ್ಲ. "ನನ್ನ ವೇಲೆ, ನನ್ನ ಕೆಲಸ ಅಲ್ಲ ಇದು. ತಿರುಮೂರ್ತಿಗೆ ಫೋನ್ ಮಾಡಿ ಆ ರೂಮು ಹಿಡ್ಕೋ ಅಂತ ಹೇಳ್ಬಿಡು" ಎಂದರು.

ಫೋನ್ ಮಾಡಲಿಲ್ಲ. ಬೇರೇನೂ ಮಾಡಲಿಲ್ಲ. ನಿನ್ನೆ ಆ ಸದ್ದು ಕೇಳಿದಾಗ ಒಂದು ಮಾತು ಹೇಳಿದ್ದರೆ ಮೂರು ವಂಗಿಗೇ ನಿಲ್ಲುತ್ತಿತ್ತು. ನನ್ನ ಮೇಲೆ ನನಗೇ ಸಿಟ್ಟು.

ಜೂನ್ 5

ಇವತ್ತು ಸುಶೀಲ ಅಕ್ಕನ ಮಗ್ಗದಲ್ಲಿ ಹಾಸು ಕೆಚ್ಚುತ್ತಿದ್ದೆ. ಹಳೆಯ ಹಾಸು ಮುಗಿಯುತ್ತಾ ಬಂದರೆ ನಾವು ಅದನ್ನು ಮಗ್ಗದಿಂದ ಕಿತ್ತು ಬಿಸಾಡುವುದಿಲ್ಲ. ಒಂದು ಗೇಣು ಉಳಿಸಿಕೊಳ್ಳುತ್ತೇವೆ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಗೆ ಹೊಸೆದು ಸೇರಿಸುತ್ತೇವೆ. ಸಾವಿರಾರು ಎಳೆ. ಆಮೇಲೆ ಮೆಲ್ಲಗೆ ಎಳೆದರೆ ಹಳೆಯದು ತಾನು ಬಂದ ದಾರಿಯಲ್ಲೇ ಹೊಸದನ್ನು ಕರೆದುಕೊಂಡು ಬರುತ್ತದೆ. ಒಂದೇ ಸಲ ಎಲ್ಲಾ ಕತ್ತರಿಸಿದರೆ ಯಾವ ಎಳೆ ಎಲ್ಲಿಂದ ಹೋಗಬೇಕೆಂದು ಮಗ್ಗಕ್ಕೇ ಮರೆತುಹೋಗುತ್ತದೆ.

ನಾನೂರು ಎಳೆ ಆಗಿತ್ತೋ ಏನೋ, ಕೈ ನಿಂತಿತು. ದೋಣಿಯದೂ ಇದೇ ಅಲ್ಲವೇ ಎನ್ನಿಸಿತು. ಸುಶೀಲ ಅಕ್ಕನಿಗೆ ಮಧ್ಯಾಹ್ನದ ಮೇಲೆ ಬರುತ್ತೇನೆ ಎಂದು ಹೇಳಿ ಬಸ್ಸು ಹತ್ತಿದೆ. ಅರ್ಧ ಕೆಚ್ಚಿದ ಹಾಸು ಬಿಟ್ಟು ಬಂದದ್ದು ಇದೇ ಮೊದಲು.

ಮಾಮ ಚೀಲ ಕಟ್ಟಿಕೊಂಡು ಕೂತಿದ್ದರು.

"ಮಾಮ, ಒಂದು ಮಾತು" ಎಂದೆ. ಆಮೇಲೆ ಏನೂ ಬರಲಿಲ್ಲ. ಮತ್ತೆ "ಮಾಮ, ಒಂದು ಮಾತು" ಎಂದೆ.

"ಕಂಬಕ್ಕೆ ಹೇಳ್ತಿದೀಯಾ, ನನಗೆ ಹೇಳ್ತಿದೀಯಾ?" ಎಂದರು ಮಾಮ. ಆಗ ತಲೆ ಎತ್ತಿ ಅವರ ಮುಖ ನೋಡಿದೆ.

"ಕೊಳೆತ ವಂಗುಗಳನ್ನೇ ಮತ್ತೆ ಹಾಕೋಣ."

"ಏನು?"

"ಹಳೇದನ್ನೇ ಮೊದಲು ವಾಪಸ್ ಹಾಕಿ ಕಟ್ಟೋಣ. ಆಮೇಲೆ ಒಂದು ತೆಗೆದ್ರೆ ಒಂದು ಹಾಕೋದು. ಅದು ಕೂತ ಮೇಲೆ ಇನ್ನೊಂದು. ಪಕ್ಕ ಪಕ್ಕದ್ದು ತೆಗೀಬಾರದು. ನಡುವೆ ಒಂದು ಬಿಟ್ಟು. ಹಾಸು ಕೆಚ್ಚಿದ ಹಾಗೆ, ಮಾಮ. ನಿಮ್ಮ ಅಮ್ಮನೂ ಕೆಚ್ಚುತ್ತಿದ್ದರಲ್ಲ."

"ಮಗ್ಗದ ಮನೇಲಿ ಹುಟ್ಟಿ ನನಗೆ ತೋಚಲಿಲ್ಲ, ನೋಡು" ಎಂದರು ಮಾಮ. ಚೀಲ ಬಿಚ್ಚಿ ಉಳಿ ತೆಗೆದರು. "ಐದನೇದು ಎಲ್ಲಿ?"

"ನಿಮ್ಮ ಸ್ನಾನದ ನೀರಿಗೆ ಹೋಯ್ತು."

ಇಬ್ಬರೂ ನಕ್ಕೆವು. ಪುಣ್ಯಕ್ಕೆ ಐದನೆಯ ತಂತಿ ಇತ್ತು, ಅದರ ಅಳತೆಗೆ ಹೊಸದನ್ನೇ ಸವರಬಹುದು. ಮಾಮ ಅಷ್ಟು ಕಟ್ಟುನಿಟ್ಟಾಗಿ ಬಗ್ಗಿಸಿ ಇಡದಿದ್ದರೆ ಇವತ್ತು ನನ್ನ ಮಾತಿನಿಂದ ಏನೂ ಆಗುತ್ತಿರಲಿಲ್ಲ.

ಜೂನ್ 8, ಭಾನುವಾರ

ಬಾವಿಯ ಹಗ್ಗವನ್ನು ದೋಣಿಯ ಸುತ್ತ ಮೂರು ಕಡೆ ಕಟ್ಟಿ, ಹಗ್ಗದೊಳಗೆ ಕೋಲು ತೂರಿಸಿ ತಿರುಚುತ್ತಾ ಬಿಗಿದೆವು. ಹಲಗೆಗಳ ಮೇಲೆ ಒದ್ದೆ ಗೋಣಿ. ಒಂದು ತಿರುಚು, ಒಂದು ಗಂಟೆ ಬಿಡುವುದು, ಮತ್ತೆ ಒಂದು ತಿರುಚು. ಇವರೂ ತಿರುಪ್ಪೂರಿನಿಂದ ಬಂದು ಶರ್ಟ್ ಬಿಚ್ಚಿ ಸೇರಿಕೊಂಡರು. ಒಂದೇ ಸಲಕ್ಕೆ ಎರಡು ಸುತ್ತು ತಿರುಚಲು ಹೋದರು. "ಬೇಡ, ಹಲಗೆ ಸೀಳುತ್ತೆ, ನಿಲ್ಲಿ" ಎಂದೆ. ನಿಲ್ಲಿಸಿದರು. ಮಾಮ ಮೀಸೆಯಲ್ಲೇ ನಗುತ್ತಾ, "ಮೇಸ್ತ್ರಿಯಮ್ಮ ಹೇಳಿದ ಮೇಲೆ ಅಷ್ಟೇ" ಎಂದರು. ಅದೇ ಹೆಸರು ಈಗ ಗಟ್ಟಿಯಾಗುವ ಹಾಗೆ ಕಾಣುತ್ತದೆ.

ಸಂಜೆ ದಾರ ಹಿಡಿದರೆ ಮೊದಲಿನ ಅಗಲಕ್ಕೆ ಒಂದು ಬೆರಳು ಮಾತ್ರ ಬಾಕಿ.

ಅತ್ತೆ ಸತ್ಯಮಂಗಲದಿಂದ ಬಂದು ಹಗ್ಗ ಸುತ್ತಿದ ದೋಣಿ ನೋಡಿ, "ಬಾಣಂತಿಗೆ ಹೊಟ್ಟೆ ಕಟ್ಟಿದ ಹಾಗಿದೆ. ಸೀಮಂತಕ್ಕೆ ಹೋದವಳು ನಾನು, ಹೆರಿಗೆ ಇಲ್ಲಿ ಆಯ್ತಾ?" ಎಂದರು.

ಜೂನ್ 19

ಹಳೆಯವನ್ನು ಮತ್ತೆ ಕೂರಿಸಿದ ಮೇಲೆ ಹೊಸದರಲ್ಲಿ ಒಂದು, ಮೂರು, ಐದು ಮುಗಿದವು. ಕೊಂಬೆಯನ್ನು ಬಾಚಿಯಿಂದ ಸವರಿ, ಹಲಗೆಗೆ ಒತ್ತಿ ನೋಡಿ, ಎಲ್ಲಿ ತಾಗುತ್ತದೋ ಅಲ್ಲಿ ಮತ್ತೆ ಸವರಬೇಕು. ಮಾಮ ಸವರುತ್ತಾರೆ. ಹೊರಗಿನಿಂದ ತಾಮ್ರದ ಮೊಳೆ ಹೊಡೆದರೆ ಒಳಗೆ ಅದರ ತುದಿ ಮಡಿಸುವುದು ನನ್ನ ಕೆಲಸ. ಹೊಸ ಜಾಲಿಗೆ ಒಗರು ವಾಸನೆ. ಕೈಯೆಲ್ಲ ಕಂದು. ಸುಶೀಲ ಅಕ್ಕ ಆ ಕೈ ರೇಷ್ಮೆಗೆ ಮುಟ್ಟಿಸಬೇಡ, ನಿಂಬೆಹಣ್ಣಿನಲ್ಲಿ ತಿಕ್ಕಿಕೊಂಡು ಬಾ ಎಂದು ಓಡಿಸಿದರು.

ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಜೂನ್ 29, ಭಾನುವಾರ

ಏಳೂ ಕೂತವು. ಇವರು ತಿರುಪ್ಪೂರಿನಿಂದ ಒಂದು ಮೂಟೆ ಬನಿಯನ್ ವೇಸ್ಟ್ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಿದ್ದರು. ಹತ್ತಿಯ ನೂಲಿನ ಚೂರು, ಬಿಳಿ, ಕೆಂಪು, ಹಸಿರು. ಅದನ್ನು ಹೊಸೆದು, ಎಣ್ಣೆಯಲ್ಲಿ ಕಾಯಿಸಿದ ಕುಂಗಿಲಿಯ ಮರದ ಅಂಟಿನಲ್ಲಿ ಅದ್ದಿ, ಮೊಂಡು ಉಳಿಯಿಂದ ಸಂದಿಗಳಿಗೆ ತುರುಕಿದೆವು. ಹೊಸೆಯುವುದರಲ್ಲಿ ನನ್ನ ಕೈಗೆ ಯಾರೂ ಸರಿಸಮ ಬರಲಿಲ್ಲ.

ಹೋಗುವಾಗ ಇವರು, "ರೂಮಿನವರು ಕೇಳ್ತಿದಾರೆ. ಏನು ಹೇಳಲಿ?" ಎಂದರು.

"ಬೇಡ ಅಂತ ಹೇಳ್ಬಿಡಿ."

"ದೋಣಿ ಇನ್ನೂ ನೀರು ನೋಡಿಲ್ಲ, ಗೋಮತಿ."

"ನೋಡುತ್ತೆ."

ಬಸ್ಸು ಬಂದುಬಿಟ್ಟಿತು.

ಜುಲೈ 7

ದೋಣಿಯನ್ನು ಮುಳುಗಿಸಿದೆವು! ಅತ್ತೆಯ ಅಪ್ಪಣೆ. ಒಂದು ವರ್ಷ ಒಣಗಿದ ಹಲಗೆ ನೀರು ಕುಡಿದು ಉಬ್ಬಿದರೆ ಮಾತ್ರ ಸಂದಿ ಮುಚ್ಚುತ್ತದಂತೆ. ದಡದ ಹತ್ತಿರ ಸೊಂಟದುದ್ದದ ನೀರಿಗೆ ನೂಕಿದ ಅರ್ಧ ಗಂಟೆಯಲ್ಲಿ ಅಂಚಿನವರೆಗೂ ಇಳಿದುಹೋಯಿತು. ಮಾಮ ತಲೆ ಹಿಡಿದುಕೊಂಡು ನೀರಿನಲ್ಲೇ ನಿಂತರು.

"ಕುಡೀಲಿ ಬಿಡಿ. ಹೊಟ್ಟೆ ತುಂಬಿದ ಮೇಲೆ ತಾನೇ ಬಾಯಿ ಮುಚ್ಚುತ್ತೆ" ಎಂದರು ಅತ್ತೆ. ನಂಬಿಕೆ ಇದೆ.

ಜುಲೈ 10

ಇವತ್ತು ನೀರು ಮೊಗೆದು ತೇಲಿಸಿದೆವು. ಒಂದು ಗಂಟೆ ಬಿಟ್ಟು ನೋಡಿದರೆ ಒಳಗೆ ಮತ್ತೆ ಇಪ್ಪತ್ತು ಬಕೆಟ್.

ಜುಲೈ 11

ಎಂಟು.

ಜುಲೈ 13, ಭಾನುವಾರ

ಎರಡು ಬಕೆಟ್, ಅದೂ ಇಡೀ ರಾತ್ರಿಗೆ. ಮಾಮ ಒಳಗೆ ಮಂಡಿಯೂರಿ ಕೂತು ಸಂದಿಯೊಂದನ್ನು ಬೆರಳಿನಿಂದ ಸವರಿ, ಆ ಬೆರಳನ್ನು ನನಗೆ ತೋರಿಸಿದರು. ಒಣಗಿತ್ತು.

ಕಂಪನಿಯಲ್ಲಿ ಆರ್ಡರ್ ಜಾಸ್ತಿ ಎಂದು ಇವರು ಈ ವಾರ ಬರಲಿಲ್ಲ. ಇಂಜಿನಿಯರ್ ಬುಧವಾರ ಬರುತ್ತಾರೆ, ಆವತ್ತು ಹೇಗಾದರೂ ರಜೆ ಹಾಕುತ್ತೇನೆ ಎಂದು ಫೋನ್ ಮಾಡಿದರು. ಅತ್ತೆ ಸುಮ್ಮನೆ ಕೂರಲಾರದೆ ನನ್ನನ್ನು ಹತ್ತಿಸಿ ಹುಟ್ಟು ಕೈಗೆ ಕೊಟ್ಟರು. "ತೋಳಲ್ಲಿ ಎಳೀಬೇಡ, ಕಣ್ಣೇ. ಬೆನ್ನಲ್ಲಿ ಎಳಿ." ಎರಡು ಸಲ ಗುಂಡಗೆ ತಿರುಗಿದೆ. ಮೂರನೇ ಸಲ ಆಚೆ ದಡ ಮುಟ್ಟಿದೆ. ಸುಮ್ಮನೆ ಹಿಡಿದು ನೋಡಿದೆ ಅಷ್ಟೆ.

ಜುಲೈ 14

ಬೆಳಿಗ್ಗೆ ನಾಲ್ಕು ಸಲ, ಸಂಜೆ ಆರು ಸಲ. ಅಂಗೈಯಲ್ಲಿ ಗುಳ್ಳೆ.

ಜುಲೈ 16, ಬುಧವಾರ

ಇಂಜಿನಿಯರ್ ಹನ್ನೊಂದಕ್ಕೆ ಬಂದರು. ಇವರ ಬಸ್ಸು ಅವಿನಾಶಿಯಲ್ಲಿ ಕೆಟ್ಟು ನಿಂತಿತ್ತು. ಇಂಜಿನಿಯರ್ ಈ ಸಲವೂ ಪೆನ್ನು ತೆಗೆದರು. ಜಾಲಿ ಮರದ ಮೇಲೆ ಅದು ಜಾರಿತು. ಇನ್ನೊಂದು ಕಡೆ, ಮತ್ತೊಂದು ಕಡೆ ಚುಚ್ಚಿ ನೋಡಿ ಜೇಬಿಗೆ ಹಾಕಿಕೊಂಡರು. ಸರಿ, ಜನ ಕೂರಿಸಿ ನಡೆಸಿ ತೋರಿಸಿ, ಯಾರು ನಡೆಸುವುದು ಎಂದು ತಮಿಳಿನಲ್ಲಿ ಕೇಳಿದರು.

ಮಗ ಬರುತ್ತಾ ಇದ್ದಾನೆ, ಸ್ವಲ್ಪ ಇರಿ ಎಂದರು ಅತ್ತೆ. ಅವರು ಗಡಿಯಾರ ನೋಡಿದರು. ಇನ್ನು ಎರಡು ಊರಿಗೆ ಹೋಗಬೇಕಂತೆ. ಇವತ್ತು ಆಗದಿದ್ದರೆ ಮುಂದಿನ ತಿಂಗಳು ಎಂದರು. ಮುಂದಿನ ತಿಂಗಳೆಂದರೆ ಆಡಿ ಅರ್ಧ ಕಳೆದಿರುತ್ತದೆ, ನೀರು ಆಗಲೇ ರಸ್ತೆಯ ಅಂಚಿಗೆ ಬಂದಿದೆ.

ದೋಣಿಗೆ ಇಳಿದೆ. ಮಾಮ, ಶಿವಗಾಮಿ ಅಕ್ಕ, ಟೊಮೇಟೊ ಹೆಂಗಸರು ನಾಲ್ವರು, ಇಂಜಿನಿಯರ್ ಕೂತರು. ಭಾರ ಇದ್ದರೆ ದೋಣಿ ಎಷ್ಟು ಸಮವಾಗಿ ಹೋಗುತ್ತದೆ! ಖಾಲಿ ದೋಣಿಗಿಂತ ಸುಲಭ. ಹೋಗಿ ಬಂದೆವು. ಒಳಗೆ ಒಂದು ಹನಿ ಇರಲಿಲ್ಲ.

"ನಡೆಸುವವರ ಹೆಸರು?"

ಹೇಳಿದೆ. ಕೇಳಿಸಲಿಲ್ಲ ಎಂದರು. ಮತ್ತೆ ಗಟ್ಟಿಯಾಗಿ ಹೇಳಿದೆ. ಬರೆದುಕೊಂಡರು. ಇವರು ಬಂದ ಮೇಲೆ ಬದಲಾಯಿಸಿದರಾಯಿತು.

ಒಂದು ಗಂಟೆಗೆ ಇವರು ಬೆವರಿಕೊಂಡು ಓಡಿ ಬಂದರು. ಎಲ್ಲಾ ಮುಗಿದಿತ್ತು. ಸಂಜೆಯ ಬಸ್ಸಿಗೇ ವಾಪಸ್, ಕಂಪನಿಗೆ ಹೇಳಿ ಬರಬೇಕು.

ಜುಲೈ 20, ಭಾನುವಾರ

ಶುಕ್ರವಾರ ರಸ್ತೆ ಮುಳುಗಿತು. ಮೊದಲ ಸಲ ಹೋದದ್ದು ಶಿವಗಾಮಿ ಅಕ್ಕನ ಹುಲ್ಲಿನ ಹೊರೆ. ಮಕ್ಕಳಿಗೆ ಹತ್ತು ನಿಮಿಷ ತಡವಾಯಿತು, ಟೀಚರ್ ಬೈದರಂತೆ. ಎರಡು ದಿನದಿಂದ ಬರೆಯಲು ಕೂತಿಲ್ಲ. ಬೆಳಿಗ್ಗೆ ಐದಕ್ಕೇ ಆಚೆ ದಡದಿಂದ ಕೂಗುತ್ತಾರೆ, ನಾನೂ ಕೂಗುತ್ತೇನೆ. ಮಾಮ ನಿನ್ನೆ ಗಣಪತಿಗೆ ಹೊರಟರು. ಏಳು ತಂತಿಗಳನ್ನೂ ಕಟ್ಟಿ ನಮ್ಮ ಅಟ್ಟದ ಮೇಲಿಟ್ಟು, ನನ್ನ ಕಾಲಕ್ಕೆ ಮತ್ತೆ ಬೇಕಾಗೋದಿಲ್ಲ, ನಿನ್ನ ಕಾಲಕ್ಕೆ ಬೇಕಾಗಬಹುದು ಎಂದರು.

ಈ ಬೆಳಿಗ್ಗೆ ಆಚೆ ದಡದಲ್ಲಿ ಏಳು ಗಂಟೆಯ ಬಸ್ಸಿನಿಂದ ಇವರು ಇಳಿದರು. ಕೈಯಲ್ಲಿ ದೊಡ್ಡ ಚೀಲ, ಹೆಗಲ ಮೇಲೆ ಸುತ್ತಿದ ಚಾಪೆ, ಕಂಕುಳಲ್ಲಿ ದಿಂಬು. ದಿಂಬು ನೋಡಿದ ಮೇಲೆ ಏನೂ ಕೇಳಬೇಕಾಗಲಿಲ್ಲ. ದೋಣಿಯೊಳಗೆ ಇನ್ನಿಬ್ಬರು ಹಾಲಿನವರು ಇದ್ದರು. ಇವರು ಹತ್ತಿ ಚೀಲ ಇಟ್ಟರು. ನಾನು ದಡಕ್ಕೆ ಹುಟ್ಟು ಊರಿ ನೂಕಿದೆ.

ಅರ್ಧ ನೀರಿಗೆ ಬಂದಿದ್ದೆವು. "ಹುಟ್ಟು ಕೊಡ್ತೀಯೋ ಇಲ್ವೋ?" ಎಂದು ಇವರು ನಗುತ್ತಾ ಕೇಳಿದರು. ಕೊಡಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ. ದೋಣಿ ಆಗ ಸ್ವಲ್ಪ ಎಡಕ್ಕೆ ವಾಲುತ್ತಿತ್ತು.

"ಮೊದಲು ದಿಂಬು ತೆಗೆದು ಬಲಕ್ಕೆ ಸರಿದು ಕೂತ್ಕೊಳ್ಳಿ" ಎಂದೆ.

ಸರಿದು ಕೂತರು.